ಬಾವಿ ನೀರು ಕುಡಿಯಬೇಡಿ

"ಇಷ್ಟು ಹಠ ಯಾಕೆ ನಿನಗೆ? ಸ್ವಲ್ಪ ಬಗ್ಗಿದ್ರೆ ಏನು ಕೆಟ್ಟೋಗುತ್ತೆ?"

ಕಾಫಿ ಲೋಟ ಹಿಡಿದು ಹಿತ್ತಿಲ ಬಾಗಿಲಿಗೆ ಬಂದ ಈಶ್ವರಿ ಅಲ್ಲೇ ನಿಂತುಬಿಟ್ಟಳು. ಐದು ನಿಮಿಷದ ಹಿಂದಷ್ಟೇ ಪೈಪು ಹಾಕಲು ಬಂದವನ ಜೊತೆ ತಮಿಳಿನಲ್ಲಿ ವಾದ ಮಾಡಿದ್ದಳು. ರೋಜಾ ಪಾತಿಯನ್ನು ಅಗೆದು ಪೈಪು ಹಾಕುವುದು ಬೇಡ, ಸುತ್ತಿಸಿ ತನ್ನಿ ಎಂದು.

"ನನಗಾ ಹೇಳಿದ್ದು?" ಕನ್ನಡದಲ್ಲೇ ಕೇಳಿದಳು.

ನೆಲದಲ್ಲಿ ಮಂಡಿಯೂರಿ ಕೂತಿದ್ದ ನಂಜಪ್ಪನ್ ತಿರುಗಿ ನೋಡಿದ. ಅವನ ಕೈಯಲ್ಲಿ ಬಗ್ಗದ ಕಪ್ಪು ಪೈಪಿತ್ತು.

"ಅಯ್ಯೋ ಇಲ್ಲೀಂಗ, ಅಮ್ಮಣಿ! ಈ ಪೈಪಿಗೆ!" ಅರೆತಮಿಳಿನಲ್ಲಿ ಅಂದವನು ತಡೆದು, "ನೀವು ನಮ್ಮ ಮಾತಿನವರಾ?" ಎಂದ.

ಅವಳಿಗೆ ನಗು ಬಂತು. ಈ ಮನೆಯಲ್ಲಿ ನಕ್ಕು ಎಷ್ಟು ದಿನವಾಗಿತ್ತೋ.

ಅದು 1987ರ ಜನವರಿ. ಕೊಯಮತ್ತೂರಿನ ಆರ್.ಎಸ್. ಪುರಂನ ಆ ಮನೆಯಲ್ಲಿ ಈಶ್ವರಿ ಒಬ್ಬಳೇ ಇದ್ದಳು. ಗಂಡ ತೀರಿಕೊಂಡು ಆರು ವರ್ಷ, ಮಕ್ಕಳಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಆಪರೇಟರ್ ಕೆಲಸ. ಕಿವಿಗೆ ಹೆಡ್‌ಸೆಟ್ ಹಾಕಿ ದಿನವಿಡೀ ಯಾರದೋ ಮದುವೆಯ ಸುದ್ದಿಗೆ, ಯಾರದೋ ಸಾವಿನ ಸುದ್ದಿಗೆ ಲೈನ್ ಕೊಡುತ್ತಿದ್ದಳು. ಮನೆಗೆ ಬಂದರೆ ಬೀಗ ತೆಗೆಯುವ ಸದ್ದು ಬಿಟ್ಟರೆ ಇನ್ನೊಂದು ಸದ್ದಿಲ್ಲ. ತಾಯಿ ಹೋದ ಮೇಲೆ ಕನ್ನಡ ಮಾತಾಡಲೂ ಯಾರಿರಲಿಲ್ಲ. ಶಿಫ್ಟ್ ಡ್ಯೂಟಿಯಿಂದಾಗಿ ಗಿಡಗಳಿಗೆ ನೀರು ತಪ್ಪಿ ಒಣಗತೊಡಗಿದಾಗ, ಮನೆ ತೋಟಕ್ಕೂ ಡ್ರಿಪ್ ಹಾಕುವವರಿದ್ದಾರೆಂದು ಯಾರೋ ಹೇಳಿದ್ದರು. ಹಾಗೆ ಬಂದವನು ಹತ್ತಿರದ ಅವಿನಾಶಿಯ ನಂಜಪ್ಪನ್. ಕನ್ನಡ ಮನೆಮಾತಿನ ಬೇಸಾಯದ ಮನೆಯವನು, ಕೃಷಿ ಡಿಪ್ಲೊಮಾ ಓದಿದವನು. ಅಪ್ಪ ಬೇಗ ಹೋದರು. ಮೂವರು ತಂಗಿಯರ ಮದುವೆ ಮುಗಿಸುವಷ್ಟರಲ್ಲಿ ತನ್ನ ಮದುವೆಯಿಲ್ಲದೆಯೇ ಅವನಿಗೆ ಮೂವತ್ತೆಂಟು ದಾಟಿತ್ತು.

ನೀರಿನ ಜೊತೆಗೇ ಗೊಬ್ಬರವನ್ನೂ ಕೊಡುವ ಏರ್ಪಾಡು ಅವನದು. ಬಾವಿಯಿಂದ ಮೋಟಾರು ನೀರೆಳೆಯುವ ಪೈಪಿಗೆ ಒಂದು ಸಣ್ಣ ಟ್ಯೂಬು, ಟ್ಯೂಬಿನ ಇನ್ನೊಂದು ತುದಿ ಗೊಬ್ಬರ ಕರಗಿಸಿದ ಡ್ರಮ್ಮಿಗೆ. ಮೋಟಾರು ಓಡಿದರೆ ಎರಡೂ ಬೆರೆತು ಒಂದೊಂದು ಗಿಡದ ಬುಡದಲ್ಲೂ ಹನಿಹನಿಯಾಗಿ ಇಳಿಯುತ್ತಿತ್ತು. ಹತ್ತು ದಿನಕ್ಕೊಮ್ಮೆ ಅವನೇ ಬಂದು ಯೂರಿಯಾ, ಪೊಟ್ಯಾಷ್ ಅಳೆದು ಕರಗಿಸುತ್ತಿದ್ದ.

"ಇಷ್ಟೇ ಇಷ್ಟಾ?" ಡ್ರಮ್ಮಿನೊಳಗೆ ಬಗ್ಗಿ ನೋಡುತ್ತಾ ಅವಳು ಕೇಳುತ್ತಿದ್ದಳು.

"ಸ್ವಲ್ಪ ಸ್ವಲ್ಪ, ಆಗಾಗ ಕೊಡಬೇಕುಂಗ. ಒಂದೇ ಸಲ ಸುರಿದ್ರೆ ಬೇರು ಸುಟ್ಟೋಗುತ್ತೆ."

"ಅದಕ್ಕೇನಾ ನೀವು ಹತ್ತು ದಿನಕ್ಕೊಂದು ಸಲ ಬರೋದು?"

ಅವನು ತಲೆಯೆತ್ತಿದ. ಅವಳು ಆಗಲೇ ಮಲ್ಲಿಗೆ ಬಳ್ಳಿಯ ಕಡೆ ಮುಖ ತಿರುಗಿಸಿದ್ದಳು. ಕಿವಿಯ ತುದಿ ಮಾತ್ರ ಕೆಂಪಾಗಿದ್ದು ಕಾಣುತ್ತಿತ್ತು. ಅವನನ್ನು ಅಣ್ಣಾ ಎನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. 'ಏನುಂಗ' ಎನ್ನುತ್ತಿದ್ದಳು, ಆ ಕಡೆಯ ಹೆಂಡತಿಯರು ಗಂಡನನ್ನು ಕರೆಯುವಂತೆ. ಇಬ್ಬರಿಗೂ ಅದು ಗೊತ್ತಿತ್ತು. ಇಬ್ಬರೂ ಗೊತ್ತಿಲ್ಲದವರಂತಿದ್ದರು.

ಏಪ್ರಿಲಿನಲ್ಲಿ ಅವನ ಮನೆಯಲ್ಲಿ ಕೊಯ್ಲಿನ ಕೆಲಸ. "ಈ ಸಲ ನೀವೇ ಹಾಕ್ಕೊಳ್ಳಿ" ಎಂದು ಗೊಬ್ಬರವನ್ನು ಅಳೆದು ಪೊಟ್ಟಣ ಕಟ್ಟಿಕೊಟ್ಟು ಹೋದ.

ಒಂದು ಬುಧವಾರ ಬೆಳಿಗ್ಗೆ ಅವಿನಾಶಿಯಲ್ಲಿ ತನ್ನ ತೋಟದ ಮೋಟಾರು ಹಾಕಿ ನಿಂತಿದ್ದಾಗ ಕರೆಂಟು ಹೋಯಿತು. ನಂಜಪ್ಪನ್ ಸುಮ್ಮನೆ ಅಲ್ಲೂ ಹಾಕಿದ್ದ ಗೊಬ್ಬರದ ಟ್ಯೂಬಿನ ಕಡೆ ನೋಡಿದ. ಮೋಟಾರು ನಿಂತರೂ ಡ್ರಮ್ಮಿನ, ಪೊಟ್ಯಾಷ್ ಕರಗಿದ ಕೆಂಪು ನೀರು ಇಳಿಯುತ್ತಲೇ ಇತ್ತು, ಪೈಪಿನೊಳಗಿಂದ ಹಿಂದಕ್ಕೆ, ಬಾವಿಗೆ.

ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್ ಅಂಗಡಿಗೆ ಬಂದಿರಲಿಲ್ಲ. ಬಂದ ಮೇಲೆ ಹಾಕಿದರಾಯಿತು ಎಂದು ಅವಳ ಮನೆಯಲ್ಲೂ ಹಾಗೇ ಬಿಟ್ಟಿದ್ದ. ಇವತ್ತೇ ಅವಳು ಗೊಬ್ಬರ ಹಾಕುವ ದಿನ. ಅವಳು ಕುಡಿಯುವುದೂ ಅದೇ ಬಾವಿಯ ನೀರು.

ಸೈಕಲ್ ತುಳಿದು ಪೋಸ್ಟ್ ಆಫೀಸಿಗೆ ಹೋಗಿ ಅವಳ ಎಕ್ಸ್‌ಚೇಂಜಿಗೆ ಅರ್ಜೆಂಟ್ ಕಾಲ್ ಬುಕ್ ಮಾಡಿದ.

"ಈಶ್ವರಿ, ನಿನಗೇ ಕಾಲ್. ಬೇಗ ಮುಗಿಸು" ಎಂದರು ಸೂಪರ್‌ವೈಸರ್ ಅಂಗಮ್ಮ.

ಹನ್ನೆರಡು ವರ್ಷದ ಸರ್ವಿಸಿನಲ್ಲಿ ಅವಳಿಗೆಂದು ಬಂದ ಮೊದಲ ಕಾಲ್ ಅದು. ಹೆಡ್‌ಸೆಟ್ಟಿನಲ್ಲಿ ಏದುಸಿರು, ಆಮೇಲೆ ಕನ್ನಡ.

"ಅಮ್ಮಣೀ, ಬಾವಿ ನೀರು ಕುಡಿಬೇಡಿ! ಬೆಳಿಗ್ಗೆ ಅಲ್ಲಿ ಕರೆಂಟು ಹೋಯ್ತಾ?"

"ಹೋಯ್ತು. ಗೊಬ್ಬರ ಬಿಟ್ಟಿದ್ದೆ. ಯಾಕೆ?"

"ಗೊಬ್ಬರ ಬಾವಿಗಿಳಿದಿರುತ್ತೆ. ಆಮೇಲೆ ನೀರು ಕುಡಿದ್ರಾ? ನಿಜ ಹೇಳಿ."

ಮನೆ ಬಿಡುವಾಗ ಬಾವಿಯಿಂದ ಸೇದಿ ತುಂಬಿಸಿದ ಬಾಟಲಿ ಅವಳ ಮೊಣಕೈ ಪಕ್ಕದಲ್ಲೇ ಇತ್ತು. ಬೆಳಗಿನಿಂದ ಕಾಲ್‌ಗಳ ಮೇಲೆ ಕಾಲ್ ಬಂದು ಮುಚ್ಚಳ ತೆಗೆಯಲೂ ಬಿಡುವಾಗಿರಲಿಲ್ಲ.

"ಇಲ್ಲ. ಕುಡಿದಿಲ್ಲ."

ಆ ಕಡೆ ಮೂಗೊರೆಸಿಕೊಂಡ ಸದ್ದು. ಮೂರು ನಿಮಿಷ ಮುಗಿದು ಲೈನ್ ಕಟ್ಟಾಯಿತು. ಈಶ್ವರಿಯ ಕೈ ಇನ್ನೂ ಬೋರ್ಡಿನ ಮೇಲೇ ಇತ್ತು. ತಾನು ಏನು ಕುಡಿದೆ ಎಂದು ಕೇಳುವವರು ಈ ಲೋಕದಲ್ಲಿ ಒಬ್ಬರಿದ್ದಾರೆ.

ಮಧ್ಯಾಹ್ನ ಅವಳು ಮನೆಗೆ ಬಂದಾಗ ಅವನು ಗೇಟಿನ ಹತ್ತಿರ ಕಾಯುತ್ತಿದ್ದ. ಅವತ್ತೂ ಮರುದಿನವೂ ಬಾವಿಯ ನೀರನ್ನೆಲ್ಲ ಹೊರಗೆ ಹೊಡೆದು, ಒಳಗಿಳಿದು ತೊಳೆದ. ಊರೆಲ್ಲ ಹುಡುಕಿ ವಾಲ್ವ್ ತಂದು ಹಾಕಿದ.

"ಹೇಳದೆ ಇದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ" ಎಂದಳು ಅವಳು.

"ನನಗೆ ಗೊತ್ತಿತ್ತಲ್ಲಾ."

ಅವನು ಮುಖ ಕೊಟ್ಟು ಮಾತಾಡಲಿಲ್ಲ. ಕಾಫಿಯನ್ನೂ ಕುಡಿಯಲಿಲ್ಲ. ಹೋದವನು ಮತ್ತೆ ಬರಲಿಲ್ಲ.

ಹತ್ತು ದಿನ ಕಳೆಯಿತು, ಇಪ್ಪತ್ತು, ನಲವತ್ತು. ಅವಳು ತಾನೇ ಗೊಬ್ಬರ ಕರಗಿಸಿದಳು. ಮಲ್ಲಿಗೆ ಹಿಂದೆಂದೂ ಇಲ್ಲದಷ್ಟು ಬಿಟ್ಟಿತು. ಸಂಜೆ ಬಿಡಿಸಿ ತಟ್ಟೆಯಲ್ಲಿಟ್ಟು, ಕಟ್ಟಲು ಮನಸ್ಸಾಗದೆ ಎದುರಿಗೇ ಕೂರುತ್ತಿದ್ದಳು. ಬೆಳಿಗ್ಗೆ ಕಂದಿದ ಹೂವನ್ನು ಗಿಡದ ಬುಡಕ್ಕೇ ಸುರಿಯುತ್ತಿದ್ದಳು. ಎಕ್ಸ್‌ಚೇಂಜಿನಲ್ಲಿ ಅವಿನಾಶಿಯ ಕಾಲ್ ಬಂದಾಗಲೆಲ್ಲ ಎದೆ ಹಾರುತ್ತಿತ್ತು. ಪ್ರತಿ ಸಲವೂ ಬೇರೆ ಯಾರಿಗೋ.

ಜೂನಿನ ಒಂದು ಭಾನುವಾರ ಅವಳು ಅವಿನಾಶಿಯ ಬಸ್ಸು ಹತ್ತಿದಳು. ದಾರಿಯಲ್ಲಿ ಎರಡು ಸಲ ಇಳಿದುಬಿಡೋಣ ಅನ್ನಿಸಿತು.

ನಂಜಪ್ಪನ್ ಅಂಗಳದಲ್ಲಿ ಪೈಪು ಕೊಯ್ಯುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಸೊರಗಿದ್ದ.

"ಯಾಕುಂಗ ಬರಲಿಲ್ಲ?"

"ಯಾವ ಮುಖ ಹೊತ್ಕೊಂಡು ಬರಲಿ ಅಮ್ಮಣಿ? ನಿಮಗೆ ಏನಾದ್ರೂ ಆಗಿದ್ರೆ..."

"ಏನೂ ಆಗಲಿಲ್ಲವಲ್ಲ. ನೀವು ಬರದೇ ಇರೋದೇ ನನಗೆ ಆಗಿರೋದು. ನಲವತ್ತು ದಿನ ಆಯ್ತು. ಎಣಿಸಿದೀನಿ."

ಅವನು ಕತ್ತರಿ ಕೆಳಗಿಟ್ಟ.

ಅಷ್ಟರಲ್ಲಿ ಅವನ ತಾಯಿ ಕನ್ನಿಯಮ್ಮಾಳ್ ಸೆರಗಿಗೆ ಕೈ ಒರೆಸುತ್ತಾ ಹೊರಗೆ ಬಂದರು. "ಯಾರಪ್ಪಾ ಇದು? ಬಿಸಿಲಲ್ಲೇ ನಿಲ್ಲಿಸಿದ್ದೀಯಲ್ಲ! ಬಾಮ್ಮಾ ಒಳಗೆ." ಚಾಪೆ ಹಾಸಿ ಕೂರಿಸಿ, ಮಜ್ಜಿಗೆ ಕೊಟ್ಟು, ಎದುರಿಗೆ ಕೂತರು. "ಕೊಯಮತ್ತೂರಾ? ಮನೇಲಿ ಯಾರ್ಯಾರಿದ್ದಾರಮ್ಮಾ?"

ಈಶ್ವರಿ ಲೋಟದೊಳಗೆ ನೋಡಿದಳು. ಆರು ವರ್ಷದಿಂದ ಹೇಳಿ ಹೇಳಿ ರೂಢಿಯಾದ ಉತ್ತರ ನಾಲಿಗೆಯ ತುದಿಗೆ ಬಂತು.

ಬಾಗಿಲಲ್ಲಿ ನಿಂತಿದ್ದ ನಂಜಪ್ಪನ್ ಅವಳಿಗಿಂತ ಮೊದಲು ಹೇಳಿದ:

"ನಾನಿದೀನಮ್ಮಾ."