ಕಸ್ತೂರಿ ಒಟ್ಟಿದ ಕಟ್ಟಿಗೆ

ನಾನು ದಾಸನಕೊಪ್ಪಕ್ಕೆ ಎರಡನೇ ಹೆಂಡತಿಯಾಗಿ ಬಂದವಳು. ಮೊದಲನೆಯವಳು ಕಸ್ತೂರಿ, ತೀರಿಕೊಂಡು ವರ್ಷವಾಗಿತ್ತು. ಚಳಿಗಾಲದ ಬಚ್ಚಲೊಲೆಗೆಂದು ಅವಳು ಒಟ್ಟಿಟ್ಟ ಕಟ್ಟಿಗೆ ಮಾತ್ರ ಹಿತ್ತಲಲ್ಲಿ ಹಾಗೇ ಇತ್ತು.

"ಅಕಿ ಒಟ್ಟಿದಂಗ ಯಾರಿಗೂ ಬರೂದಿಲ್ಲ ಬಿಡು" ಎಂದು ಅತ್ತೆ ದಿನವೂ ಅನ್ನುತ್ತಿದ್ದರು. ಗಂಡ ಹಿತ್ತಲಿಗೆ ಹೋದಾಗಲೆಲ್ಲ ಆ ರಾಶಿಯನ್ನು ಒಮ್ಮೆ ಸವರಿ ಬರುತ್ತಿದ್ದ. ನನ್ನ ಹೊಟ್ಟೆ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಅದನ್ನೆಲ್ಲ ಕೆಡವಿ, ನನಗೆ ಬೇಕಾದಂತೆ ಮತ್ತೆ ಒಟ್ಟಿದೆ. ನೆರಳಲ್ಲಿದ್ದ ಒಳಗಿನ ಕಟ್ಟಿಗೆಗಳೂ ಬೆಚ್ಚಗಿದ್ದವು, ಈಗಷ್ಟೇ ಯಾರೋ ಕೂತೆದ್ದ ಹಾಗೆ. ಕೈ ತೊಳೆದು ಬಂದು ನೋಡಿದರೆ ರಾಶಿ ಕಸ್ತೂರಿ ಒಟ್ಟಿದಂತೆಯೇ ನಿಂತಿತ್ತು, ಎಲ್ಲ ತೊಗಟೆಯೂ ಮೇಲಾಗಿ. ಪಕ್ಕದಲ್ಲಿ ನಾನು ಬೇರೆಯಾಗಿ ಒಣಹಾಕಿದ್ದ ಕಟ್ಟಿಗೆಯಿಂದ ಮಾತ್ರ ಸುಡುಬಿಸಿಲಲ್ಲೂ ನೀರು ಒಸರುತ್ತಿತ್ತು.

ಹೆದರಿ ಒಳಗೆ ಹೋಗಿ ಪಡಸಾಲೆಯಲ್ಲಿ ಕೂತೆ. ಬಚ್ಚಲೊಲೆ ಹಚ್ಚುವುದಕ್ಕೂ ಏಳಲಿಲ್ಲ; ಅತ್ತೆ ಇನ್ನೂ ಮನೆಗೆ ಬಂದಿರಲಿಲ್ಲ. ಸಂಜೆ ಗಂಡ ಹೊಲದಿಂದ ಬಂದವನೇ ಬಚ್ಚಲಿಗೆ ಹೋದ. ನೀರು ತಣ್ಣಗಿದೆಯೆಂದು ಬೈಯುತ್ತಾನೆ ಅಂದುಕೊಂಡೆ.

ತಲೆ ಒರೆಸಿಕೊಳ್ಳುತ್ತ ಹೊರಬಂದವನು ನಕ್ಕ. ನಾನು ಈ ಮನೆಗೆ ಬಂದಮೇಲೆ ಅವನು ಹಾಗೆ ನಕ್ಕಿರಲಿಲ್ಲ.

"ಇವತ್ತ ನೀರು ಛಲೋ ಕಾದಿತ್ತ ನೋಡು. ಬೆನ್ನೂ ಛಲೋ ತಿಕ್ಕಿದಿ."

ನಾನು ಕೂತಲ್ಲಿಂದ ಎದ್ದೇ ಇರಲಿಲ್ಲ.