ಲಗೋರಿ ಟೋಪಿ

ಬಹಳ ಬಹಳ ಹಿಂದಿನ ಮಾತು. ಮೋಡಗಳು ಕಿಟಕಿಯೊಳಗೆ ಇಣುಕಿ ಹೋಗುವಷ್ಟು ಎತ್ತರದಲ್ಲಿ ಮುಗಿಲಪುರ ಎಂಬ ರಾಜ್ಯವಿತ್ತು. ಅಲ್ಲಿ ರಾಜನಿಂದ ಹಿಡಿದು ಅರಮನೆಯ ಅಡುಗೆಯವನವರೆಗೆ ಎಲ್ಲರಿಗೂ ಲಗೋರಿಯ ಹುಚ್ಚು. ಏಳು ಚಪ್ಪಟೆ ಕಲ್ಲು ಪೇರಿಸು, ಚೆಂಡೆಸೆದು ಬೀಳಿಸು, ಮತ್ತೆ ಪೇರಿಸು. ಅಷ್ಟೇ ಆಟ. ಆದರೆ ಅದಕ್ಕಾಗಿ ಮಂತ್ರಿಗಳು ಸಭೆಯನ್ನೇ ಬಿಟ್ಟು ಓಡುತ್ತಿದ್ದರು ಅಂದರೆ ನೀವೇ ಲೆಕ್ಕ ಹಾಕಿ!

ಆ ಊರಲ್ಲಿ ದುಗ್ಗಳೆ ಎಂಬ ಹುಡುಗಿಯಿದ್ದಳು. ಅಪ್ಪ ಅಮ್ಮ ಇಲ್ಲ, ಇದ್ದವನು ಒಬ್ಬನೇ ತಮ್ಮ, ಬಾಚ. ಅವನೇ ಅವಳ ಜೀವ. ದುಗ್ಗಳೆ ಉಣ್ಣೆಯ ಟೋಪಿ ಹೆಣೆಯುವವಳು. ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿ, ಒಂದೇ ನೂಲು. ಕುಣಿಕೆಯೊಳಗಿಂದ ಕುಣಿಕೆ ಎಳೆಯುತ್ತಾ ಹೋಗುವುದು. ಈಗ ನೀವು ಕ್ರೋಷಾ ಅಂತೀರಲ್ಲ, ಅದೇ. ಊರಿನ ತಲೆಗಳೆಲ್ಲ ಅವಳ ಟೋಪಿಯೊಳಗೇ ಇದ್ದವು, ತಮ್ಮನ ತಲೆಯೊಂದು ಬಿಟ್ಟು.

"ಟೋಪಿ ಇಟ್ಕೊಂಡ್ರೆ ಮುದುಕನ ಥರ ಕಾಣ್ತೀನಿ, ಬೇಡಕ್ಕ" ಎಂದು ಬಾಚ ಓಡುತ್ತಿದ್ದ. ಲಗೋರಿಯಲ್ಲಿ ಅವನ ಸಮಕ್ಕೆ ಯಾರೂ ಇರಲಿಲ್ಲ, ಆ ಜಂಬ ಬೇರೆ.

ಒಂದು ಚಳಿಗಾಲ ಹಿಮದ ಗವಿಯಿಂದ ಹೆಪ್ಪುರಾಯನೆಂಬ ಮಾಂತ್ರಿಕ ಇಳಿದು ಬಂದು ಆಟದ ಬಯಲಿನ ನಡುವೆ ಕೂತ. "ನನ್ನ ಜೊತೆ ಆಡಿ! ನನ್ನನ್ನ ಯಾರೂ ಆಟಕ್ಕೆ ಸೇರಿಸ್ಕೊಳ್ಳೋದೇ ಇಲ್ಲ" ಎಂದ. ಸೇರಿಸಿಕೊಳ್ಳುವುದು ಹೇಗೆ ಮತ್ತೆ? ಸೋಲುವ ಸೂಚನೆ ಕಂಡ ತಕ್ಷಣ ಬಾಯಿಂದ ಹಿಮಗಾಳಿ ಊದುತ್ತಿದ್ದ. ಆ ಗಾಳಿ ಬರಿಯ ಕಿವಿಯೊಳಗೆ ಹೊಕ್ಕರೆ ಮುಗಿಯಿತು, ಮನುಷ್ಯ ನಿಂತಲ್ಲೇ ಮಂಜುಗಡ್ಡೆ.

ಓಡುವಾಗ ಸೆಕೆಯೆಂದು ಟೋಪಿ ತೆಗೆದಿಟ್ಟು ಆಡಲು ಹೋದ ಪಡ್ಡೆ ಹುಡುಗರೆಲ್ಲ ಹಾಗೇ ನಿಂತರು. ಬಾಚನೂ ಬರಿತಲೆಯಲ್ಲಿ ಹೋದ, ಅವನೂ ನಿಂತ.

"ಸಂಕ್ರಾಂತಿಯ ಬಿಸಿಲು ಬೀಳಲಿ, ಎಲ್ಲಾ ಕರಗಿ ಹಳ್ಳಕ್ಕೆ ಹರೀತಾರೆ!" ಎಂದು ಹೆಪ್ಪುರಾಯ ಕೂಗಿದ.

ದುಗ್ಗಳೆಗೆ ಎದೆ ಒಡೆದೇ ಹೋಯಿತು. ಅತ್ತಳು, ಹೊಟ್ಟೆ ತುಂಬ ಅತ್ತಳು. ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು ಎದ್ದಳು. "ತಲೆಯಿಂದ ಹೊಕ್ಕ ಚಳಿ ತಲೆಯಿಂದಲೇ ಹೋಗಬೇಕು. ಎಂದೂ ಬಿಸಿ ಆರದ ಉಣ್ಣೆಯ ಟೋಪಿ ಹೆಣೀತೀನಿ" ಎಂದಳು.

ಎಂದೂ ಆರದ ಉಣ್ಣೆ ಇದ್ದದ್ದು ಮೂಡಣ ಗುಡ್ಡದ ಕೆಂಡದ ಟಗರಿನ ಮೈಮೇಲೆ. ಅವಳು ಗುಡ್ಡ ಹತ್ತಿದಾಗ ಟಗರು ಮೂಗಿನಿಂದ ಕಿಡಿ ಕಾರುತ್ತಾ ಎದುರು ನಿಂತಿತು.

"ಯಾರೇ ನೀನು? ಏನು ಬೇಕು?"

"ದುಗ್ಗಳೆ ನಾನು. ನನ್ನ ತಮ್ಮನ ತಲೆಗೊಂದು ಟೋಪಿ ಬೇಕು."

"ಕತ್ತರಿ ಹಿಡಿದು ಬಂದವರನ್ನೆಲ್ಲ ಗುದ್ದಿ ಕಣಿವೆಗೆ ಉರುಳಿಸಿದೀನಿ, ಗೊತ್ತಾ?"

"ಕತ್ತರಿ ಯಾರಿಗೆ ಬೇಕು ಮಾರಾಯ? ನಿನ್ನ ಬೆನ್ನು ನೋಡ್ಕೊಂಡಿದೀಯಾ? ಮುಳ್ಳು, ಗಂಟು, ಸಿಕ್ಕು! ಕೆರೆಯೋಕಾಗದೆ ಒದ್ದಾಡ್ತಿದೀಯ, ಪಾಪ."

ಟಗರು ತಲೆ ತಗ್ಗಿಸಿತು. ಅದರ ಸಿಟ್ಟೆಲ್ಲ ಆ ಕಡಿತದ್ದೇ ಆಗಿತ್ತು. ದುಗ್ಗಳೆ ಅದರ ಪಕ್ಕ ಕೂತು, ಕೈ ಚುರುಗುಟ್ಟಿದರೂ ಬಿಡದೆ, ಒಂದೊಂದೇ ಮುಳ್ಳು ಕಿತ್ತು ಸಿಕ್ಕು ಬಿಡಿಸಿದಳು. ಟಗರಿಗೆ ಸುಖವಾಗಿ ನಿದ್ದೆಯೇ ಬಂತು. ಎದ್ದ ಮೇಲೆ ಮೈ ಕೊಡವಿ ಮಡಿಲು ತುಂಬ ಉಣ್ಣೆ ಕೊಟ್ಟಿತು.

ಉಣ್ಣೆಯೇನೋ ಸಿಕ್ಕಿತು. ನೂಲು ತೆಗೆದು ಹೆಣೆಯಲು ಕೂತರೆ ಅವಳ ಮರದ ಕಡ್ಡಿ ಚರ್ರನೆ ಸುಟ್ಟು ಕರಕಲಾಯಿತು. ಆ ಬಿಸಿ ತಾಳುವ ಬೆಳ್ಳಿಯ ಕೊಕ್ಕೆಕಡ್ಡಿ ಪಡುವಣದ ಕೊಳದಲ್ಲಿ, ಮನೆಯೆತ್ತರದ ಒಂದು ಕೊಕ್ಕರೆಯ ಬಳಿ ಇತ್ತು. ಅವಳು ಅಲ್ಲಿಗೂ ನಡೆದಳು.

"ಯಾರೇ ನೀನು? ಏನು ಬೇಕು?" ಎಂದಿತು ಕೊಕ್ಕರೆ.

"ದುಗ್ಗಳೆ ನಾನು. ನನ್ನ ತಮ್ಮನ ತಲೆಗೊಂದು ಟೋಪಿ ಬೇಕು."

"ತಲೆ ಬಿಡು, ನನ್ನ ಕಾಲು ನೋಡು! ಹುಟ್ಟಿದಾಗಿನಿಂದ ತಣ್ಣೀರಲ್ಲಿ ನಿಂತು ಜೋಮು ಹಿಡಿದಿದೆ. ಒಂದು ಎತ್ತಿದರೆ ಇನ್ನೊಂದಕ್ಕೆ ಚಳಿ. ಇದನ್ನು ಬೆಚ್ಚಗೆ ಮಾಡು, ಕಡ್ಡಿ ತಗೊಂಡು ಹೋಗು."

ಕಡ್ಡಿಯಿಲ್ಲದೆ ಹೆಣೆಯುವುದು ಹೇಗೆ? ದುಗ್ಗಳೆ ತೋರುಬೆರಳನ್ನೇ ಕೊಕ್ಕೆಯಂತೆ ಬಾಗಿಸಿದಳು. ಬೆರಳಿನಿಂದಲೇ ಕುಣಿಕೆ ಎಳೆದಳು. ಬೊಬ್ಬೆ ಬಂದಾಗ ಬೆರಳನ್ನು ಕೊಳಕ್ಕೆ ಅದ್ದಿ ಮತ್ತೆ ಎಳೆದಳು. ಮೊಣಕಾಲಿನವರೆಗೆ ಎರಡು ಉದ್ದನೆಯ ಕಾಲುಚೀಲ ಸಿದ್ಧವಾಯಿತು. ಹೆಣೆದು ಮುಗಿದದ್ದೇ ಸುಡುವ ಉಣ್ಣೆ ಹಿತವಾಗಿ ಬೆಚ್ಚಗಾಯಿತು. ಕೊಕ್ಕರೆ ಅವನ್ನು ಹಾಕಿಕೊಂಡು ಎರಡೂ ಕಾಲೂರಿ ನಿಂತಿತು, ನಿಂತು ಕುಣಿಯಿತು. "ಅಯ್ಯಯ್ಯೋ, ಎಷ್ಟು ಹಿತವಾಗಿದೆಯೇ ತಾಯಿ!" ಎಂದು ಬೆಳ್ಳಿಯ ಕಡ್ಡಿ ಕೊಟ್ಟಿತು.

ಇನ್ನು ಟೋಪಿ. ಸಾದಾ ಟೋಪಿ ಮಾಡಿದರೆ ಬಾಚ ಎಚ್ಚರಾದ ಕೂಡಲೇ ಕಿತ್ತೆಸೆಯುತ್ತಾನೆ, ಅದು ಅವಳಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಒಂದು ಉಪಾಯ ಮಾಡಿದಳು. ನೂಲಿಗೆ ಅರಿಶಿನ, ಮಂಜಿಷ್ಠದ ಕೆಂಪು, ನೀಲಿ ಎಂದು ಬಗೆಬಗೆಯ ಬಣ್ಣ ಕಟ್ಟಿ, ಕಿವಿ ಮುಚ್ಚುವಂತೆ ಅಗಲವಾದ ಒಂದು ಉಣ್ಣೆಯ ಕಲ್ಲು ಹೆಣೆದಳು. ಅದರ ಮೇಲೆ ತುಸು ಚಿಕ್ಕದು, ಅದರ ಮೇಲೆ ಇನ್ನೂ ಚಿಕ್ಕದು. ಹೀಗೆ ಏಳು ಕಲ್ಲು, ನೆತ್ತಿಯ ಮೇಲೊಂದು ಕೆಂಪು ಚೆಂಡು. ತಲೆಯ ಮೇಲೆ ಇಡೀ ಲಗೋರಿ! ಹೆಣೆಯುವಾಗ ಅವಳಿಗೇ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು.

ಸಂಕ್ರಾಂತಿಯ ಬೆಳಗು. ಸೂರ್ಯ ಇನ್ನೇನು ಗುಡ್ಡ ಹತ್ತಬೇಕು. ದುಗ್ಗಳೆ ಟೋಪಿಯನ್ನು ತಾನೇ ಇಟ್ಟುಕೊಂಡು ಬಯಲಿಗೆ ಬಂದಳು. ರಾಜ, ಪರಿವಾರ, ಊರಿನ ಮಂದಿಯೆಲ್ಲ ಗೆರೆಯಾಚೆ ನಿಂತಿದ್ದರು.

"ಯಾರೇ ನೀನು? ಏನು ಬೇಕು?" ಎಂದ ಹೆಪ್ಪುರಾಯ.

"ದುಗ್ಗಳೆ ನಾನು. ನನ್ನ ತಮ್ಮನ ಹತ್ತಿರ ಹೋಗೋಕೆ ಬಿಡು."

"ಗೆದ್ದರೆ ಹೋಗು. ಮೊದಲ ಎಸೆತ ನನ್ನದು" ಎಂದವನೇ ಫೂ ಎಂದು ಊದಿದ. ಬಯಲೆಲ್ಲ ಮಂಜು ಕವಿಯಿತು. ದುಗ್ಗಳೆಗೆ ಏನೂ ಆಗಲಿಲ್ಲ, ಕಿವಿ ಬೆಚ್ಚಗಿತ್ತು. ಕಷ್ಟವಾದದ್ದು ಹೆಪ್ಪುರಾಯನಿಗೇ. ನೆಲದ ಮೇಲಿನ ಕಲ್ಲುಗಳು ಅವನದೇ ಹಿಮದಡಿ ಹೂತುಹೋದವು. ಕಣ್ಣು ಕಿರಿದು ಮಾಡಿ ನೋಡಿದರೆ ಮಂಜಿನ ನಡುವೆ ಏಳು ಬಣ್ಣದ ಕಲ್ಲುಗಳು ಎದ್ದು ಕಾಣುತ್ತಿದ್ದವು! "ಸಿಕ್ಕಿತು!" ಎಂದು ಬೀಸಿ ಎಸೆದ.

ಚೆಂಡು ಬಂದು ದುಗ್ಗಳೆಯ ಟೋಪಿಗೆ ಬಡಿಯಿತು. ದಪ್ಪ ಉಣ್ಣೆ, ಅವಳಿಗೆ ನೋವೇ ಆಗಲಿಲ್ಲ.

ಮುಗಿಲಪುರದ ಲಗೋರಿಯಲ್ಲಿ ಒಂದೇ ಒಂದು ಮೀರಬಾರದ ನಿಯಮ: ತಲೆಗೆ ಹೊಡೆದವನು ಔಟು. ರಾಜನ ಮಗನಾದರೂ ಔಟು. "ಔಟು! ಔಟು!" ಎಂದು ಊರಿಗೆ ಊರೇ ಕಿರುಚಿತು. ಎಲ್ಲರಿಗಿಂತ ಜೋರಾಗಿ ಕಿರುಚಿದವನು ರಾಜ.

ದುಗ್ಗಳೆ ಅದನ್ನು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ತಮ್ಮನ ಬಳಿಗೆ ಓಡಿ, ತನ್ನ ತಲೆಯ ಟೋಪಿ ತೆಗೆದು ಅವನ ಮಂಜಿನ ತಲೆಗೆ ಇಟ್ಟಳು. ಬಾಚನ ಹುಬ್ಬು ತೊಟ್ಟಿಕ್ಕಿತು, ಕೆನ್ನೆ ಕೆಂಪಾಯಿತು, ರೆಪ್ಪೆ ಅಲುಗಿತು.

"ಹತ್ತಿರ ಹೋಗು ಅಂದೆ, ಸುಮ್ಮನಿರ್ತೀನಿ ಅಂದೆನಾ?" ಎಂದು ಹೆಪ್ಪುರಾಯ ಎದೆ ತುಂಬ ಉಸಿರೆಳೆದು ಊದಿದ. ಈಗ ದುಗ್ಗಳೆಯದು ಬರಿತಲೆ. ಕಾಲು ಮಂಜಾಯಿತು, ಕೈ ಮಂಜಾಯಿತು. ಬಾಚ ಕಣ್ಣು ಬಿಟ್ಟಾಗ ಅಕ್ಕನ ತುಟಿ ನೀಲಿಯಾಗುತ್ತಿತ್ತು.

"ಅಕ್ಕಾ!" ಎಂದವನೇ ಅವಳನ್ನು ತಬ್ಬಿ, ಕೆನ್ನೆಗೆ ಕೆನ್ನೆ ಒತ್ತಿ, ಟೋಪಿಯ ಅಂಚು ಹಿಡಿದು ಎಳೆದ. ಕೊಕ್ಕೆಯ ಹೆಣಿಗೆ ಅಲ್ಲವೇ, ಹಿಗ್ಗಿತು, ಇನ್ನೂ ಹಿಗ್ಗಿತು, ಎರಡು ತಲೆಯೂ ಒಂದೇ ಟೋಪಿಯೊಳಗೆ ತೂರಿದವು. ದುಗ್ಗಳೆಯ ಕೈಕಾಲಿಗೆ ಬಿಸಿ ಹರಿಯಿತು. ಲಗೋರಿ ವಾಲಿತು. ಚೆಂಡು ಒಂದು ಕಡೆ ಜೋತುಬಿತ್ತು. ನಾಲ್ಕು ಕಣ್ಣು, ಎರಡು ಮೂಗು, ಒಂದು ಟೋಪಿ!

ಅದನ್ನು ನೋಡಿ ಹೆಪ್ಪುರಾಯನ ತುಟಿ ಅದುರಿತು. ತಡೆಯಲು ನೋಡಿದ, ಆಗಲಿಲ್ಲ. ಜನ್ಮದಲ್ಲಿ ನಕ್ಕವನಲ್ಲ, ಹೊಟ್ಟೆ ಹಿಡಿದುಕೊಂಡು ಹೋ ಹೋ ಎಂದು ನಕ್ಕ. ನಗುತ್ತಾ ಊದುವುದು ಯಾರಿಂದ ಆಗುತ್ತದೆ? ಅವನ ಬಾಯಿಂದ ಬಿಸಿಬಿಸಿ ಉಸಿರು ಹೊರಟು ಬಯಲೆಲ್ಲ ಹರಡಿತು. ಮಂಜಾಗಿ ನಿಂತಿದ್ದ ಹುಡುಗರೆಲ್ಲ ಮೈಮುರಿದು, ಸೀನಿ, ಎದ್ದು ಓಡಾಡಿದರು. ಹಿಮಗಾಳಿ ಅವನನ್ನು ಬಿಟ್ಟು ಹೋಯಿತು. ಉಳಿದದ್ದು ಗಡಗಡ ನಡುಗುವ ಒಬ್ಬ ಬೋಳು ಮುದುಕ. "ತಾಯೀ, ನನಗೂ ಒಂದು ಟೋಪಿ..." ಎಂದ. "ಮೋಸ ಮಾಡದೆ ಆಡ್ತೀನಿ ಅಂತ ಆಣೆ ಇಡು" ಎಂದಳು ದುಗ್ಗಳೆ. ಇಟ್ಟ.

ಬಿಸಿಲು ಬಯಲಿಗೆ ಬಿತ್ತು. ಯಾರೂ ಕರಗಲಿಲ್ಲ. ಮನೆಮನೆಯಲ್ಲಿ ಎಳ್ಳುಬೆಲ್ಲ ಹಂಚಿದರು. ಆ ರಾಜ್ಯದಲ್ಲಿ ಅಂದಿನಿಂದ ಚಳಿಗಾಲವೆಂದರೆ ಹಬ್ಬವಾಯಿತು. ಅವರೆಲ್ಲ ನಕ್ಕುನಲಿದು ಬಾಳಿದರು, ಕೇಳಿದ ನಿಮಗೂ ಹೇಳಿದ ನನಗೂ ಅಷ್ಟೇ ಸುಖ ಸಿಗಲಿ.

ಅಂದು ಗದ್ದಲವೆಲ್ಲ ಮುಗಿದ ಮೇಲೂ ಅಕ್ಕ ತಮ್ಮ ಒಂದೇ ಟೋಪಿಯೊಳಗೆ ಕೂತಿದ್ದರು. ಬಾಚ ಅಕ್ಕನಿಗೆ ಇನ್ನಷ್ಟು ಒತ್ತಿಕೊಂಡ. ಮೆಲ್ಲಗೆ ಹೇಳಿದ:

"ಅಕ್ಕ, ಅಲ್ಲಿ ತುಂಬಾ ಚಳಿಯಿತ್ತು ಕಣೇ."

"ಗೊತ್ತು ಕಣೋ" ಎಂದು ದುಗ್ಗಳೆ ಟೋಪಿಯನ್ನು ಅವನ ಕಿವಿಯ ಮೇಲೆ ಇನ್ನಷ್ಟು ಎಳೆದಳು.