ಹೆಣದ ಪಾತ್ರ

ಅಪ್ಪ ಸಾಯುವ ಮುಂಚೆ ತನ್ನ ಬೆಳ್ಳಿ ಕಿರೀಟವನ್ನು ಮಗನಿಗೆ ಕೊಡದೆ ಅಳಿಯನಿಗೆ ಕೊಟ್ಟುಹೋದ. ಬದುಕಿಡೀ ರಂಗದ ಮೇಲೆ ರಾಜನಾಗಿ ಮೆರೆದ ಮುದುಕ ಕೊಡುವಾಗ ಒಂದು ಮಾತನ್ನೂ ಸೇರಿಸಿದ್ದ: "ತಲೆ ಇದ್ದೋನಿಗೆ ಕಿರೀಟ ಇರಲಿ." ಮನೆಮಂದಿಯೆಲ್ಲ ನಕ್ಕರು. ಮಗ ನಗಲಿಲ್ಲ. ಅವನಿಗೆ ಆ ಮಾತು ಅರ್ಥವಾದದ್ದೇ ಮರುದಿನ.

ಈಗ ಆ ಅಳಿಯ, ಅಂದರೆ ಅವನ ಭಾವ, ನಗರದ ರಂಗಮಂದಿರದಲ್ಲಿ ಹೊಸ ನಾಟಕ ಆಡಿಸುತ್ತಿದ್ದ. ನಿರ್ದೇಶನ ಭಾವನದು, ವಿಧವೆಯ ಪಾತ್ರ ಅಕ್ಕನದು. ಇವನಿಗೆ ಉಳಿದದ್ದು ಹೆಣದ ಪಾತ್ರ. ಮೊದಲ ಅಂಕದ ಕೊನೆಗೆ "ಬಾಗಿಲು ಹಾಕ್ರೋ, ಗಾಳಿ ಬರ್ತಿದೆ" ಎಂದು ಸಾಯಬೇಕು; ಎರಡನೇ ಅಂಕ ಪೂರ್ತಿ ಬಿಳಿ ಬಟ್ಟೆ ಹೊದ್ದು ಮಂಚದ ಮೇಲೆ ಬಿದ್ದಿರಬೇಕು.

"ನಿನಗಂತಲೇ ಬರೆಸಿದ್ದು ಕಣಯ್ಯ," ಅಂದಿದ್ದ ಭಾವ. "ಇದನ್ನ ಕೆಡಿಸೋಕೆ ಯಾರಿಂದಲೂ ಆಗಲ್ಲ."

ಆದರೂ ಕೆಡಿಸುತ್ತಾನೆಂದು ತಾಲೀಮಿನಲ್ಲಿ ಎಲ್ಲರ ದೂರು. ಅಕ್ಕ ಅಳುವ ಮುಂಚೆ ಹೆಣದ ಮೇಲೆ ಸುಗಂಧದ ಪುಡಿ ಎರಚುತ್ತಿದ್ದಳು, ಹೆಣ ಸೀನುತ್ತಿತ್ತು. ತಪ್ಪು ಪುಡಿಯದು. ಭಾವ ಮೊದಮೊದಲು ಉರಿದುಬಿದ್ದ, ಆಮೇಲೆ ಬೈಯುವುದನ್ನೇ ಬಿಟ್ಟ. ತನ್ನ ಗಾಂಭೀರ್ಯಕ್ಕೆ ಹೆದರಿದ ಎಂದುಕೊಂಡು ಇವನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ.

ಹಾಗೆ ಬಟ್ಟೆಯ ಕೆಳಗೆ ಬಿದ್ದುಕೊಂಡಿದ್ದಾಗಲೇ ಉಪಾಯ ಹೊಳೆದದ್ದು. ಮಂಚದ ಕೆಳಗೆ ನೆಲಮಾಳಿಗೆಗೆ ಇಳಿಯುವ ಕಳ್ಳಬಾಗಿಲಿತ್ತು. ನೆಲಮಾಳಿಗೆಯಿಂದ ಹಿಂದಿನ ಓಣಿಗೆ ದಾರಿ, ಓಣಿಯಲ್ಲಿ ಅಕ್ಕನ ಮನೆ, ಮನೆಯಲ್ಲಿ ಕಿರೀಟ. ಮೊದಲ ಪ್ರದರ್ಶನದ ಸಂಜೆ ಮನೆಮಂದಿಯೆಲ್ಲ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಅಂಕಗಳ ನಡುವಿನ ಕತ್ತಲಲ್ಲಿ ದಿಂಬುಗಳನ್ನು ಹೊದಿಸಿಟ್ಟು ಇಳಿದರೆ ಆಯಿತು. ಹೆಣವನ್ನು ಯಾರೂ ಮುಟ್ಟುವುದಿಲ್ಲ. ಅಕ್ಕ ಕೂಡ ದೂರದಿಂದ ಪುಡಿ ಎರಚಿ ಸರಿಯುತ್ತಾಳೆ. ಕಳ್ಳತನವಾದಾಗ ಅವನು ಸತ್ತುಬಿದ್ದಿದ್ದ ಎನ್ನುವುದಕ್ಕೆ ತುಂಬಿದ ಸಭೆಯೇ ಸಾಕ್ಷಿ. ಆಮೇಲೆ ಬೇರೆ ಊರು, ತನ್ನದೇ ನಾಟಕ ಕಂಪನಿ, ಪ್ರತಿ ನಾಟಕದಲ್ಲೂ ತಾನೇ ರಾಜ.

ಎಲ್ಲವೂ ಎಣಿಸಿದಂತೆಯೇ ನಡೆಯಿತು. ಸತ್ತ, ಇಳಿದ, ಓಡಿದ. ಬೀಗದ ಕೈ ಎಂದಿನಂತೆ ಹೂಕುಂಡದ ಕೆಳಗಿತ್ತು. ಅಕ್ಕ ಬೀಗ ಹಾಕುವುದು ಬೆಕ್ಕು ಬಾರದಿರಲಿ ಎಂದಷ್ಟೇ. ಬೀರುವಿನ ಮೇಲಿನ ಗಂಟು ಬಿಚ್ಚಿ, ಕನ್ನಡಿಯ ಮುಂದೆ ಕಿರೀಟವನ್ನು ತಲೆಗಿಟ್ಟುಕೊಂಡ. ಅದು ಸೀದಾ ಕಿವಿಯವರೆಗೆ ಇಳಿಯಿತು. ಅಪ್ಪನಿಗೆ ತಲೆ ಊದಿಕೊಂಡಿತ್ತು, ಪಾಪ, ಎಂದು ಮರುಗಿದ.

ಕಿರೀಟವನ್ನು ಚೀಲಕ್ಕೆ ತುಂಬಿ ಓಡಿಬಂದು, ಚೀಲವನ್ನು ನೆಲಮಾಳಿಗೆಯ ಮೆಟ್ಟಿಲ ಹಿಂದೆ ಅಡಗಿಸಿ ಕಾದ. ನಾಟಕ ಮುಗಿದು ದೀಪ ಆರಿದ ಕೂಡಲೇ ಮೇಲೇರಿ, ದಿಂಬುಗಳನ್ನು ಕೆಳಕ್ಕೆ ತಳ್ಳಿ ಮಲಗಿದ. ಬಟ್ಟೆಯ ತುಂಬ ಪುಡಿ. ಮೂಗನ್ನು ಬಿಗಿಯಾಗಿ ಹಿಡಿದು ಸೀನನ್ನು ನುಂಗಿದ. ಇವತ್ತಾದರೂ ಭಾವ ಮೆಚ್ಚಲೇಬೇಕು. ದೀಪ ಬಂತು, ಎದ್ದು ಎಲ್ಲರಿಗಿಂತ ಆಳವಾಗಿ ಬಾಗಿ ವಂದಿಸಿದ. ಚಪ್ಪಾಳೆಯಲ್ಲಿ ಮುಕ್ಕಾಲು ತನಗೇ ಎಂದು ಲೆಕ್ಕ ಹಾಕಿಕೊಂಡ.

ಪರದೆ ಬಿತ್ತು. ಅಕ್ಕ ಪುಡಿಯ ಡಬ್ಬಿ ಹಿಡಿದು ನಿಂತಿದ್ದಳು, ಕಣ್ಣು ಕೆಂಪಾಗಿತ್ತು. "ಯಾಕೋ ಸೀನಲಿಲ್ಲ?" ಎಂದಳು. "ನಿನ್ನ ಸೀನು ನಿಲ್ಲಲ್ಲ ಅಂತ ನಿಮ್ಮ ಭಾವ ನಾಟಕನೇ ಅದಕ್ಕೆ ಕಟ್ಟಿದ್ರು. ನೀನು ಸೀನಿದ್ರೆ ಅದನ್ನ ಮುಚ್ಚೋಕೆ ನಾನು ಅಳಬೇಕು, ನಾನು ಅತ್ತರೆ ಡೋಲು, ಡೋಲಿಗೆ ಏಟು ಬಿದ್ರೆ ದೀಪ. ಡಬ್ಬಿ ಪೂರ್ತಿ ಸುರಿದೆ, ನೀನು ಮಿಸುಕಲಿಲ್ಲ. ನಿಜವಾಗ್ಲೂ ಸತ್ತೇಹೋದ್ಯೇನೋ ಅಂತ ನನ್ನ ಜೀವ ಬಾಯಿಗೆ ಬಂತು. ಬಟ್ಟೆ ಎತ್ತಿದ್ರೆ ದಿಂಬು. ಹೆಂಗೋ ನಾನೇ ಅತ್ತು ನಾಟಕ ಮುಗಿಸಿದೆ." ಅವಳ ಹಿಂದೆ, ಪರದೆ ಬಿದ್ದೊಡನೆ ಅವಳೇ ಕೆಳಗೆ ನೋಡಲು ಕಳಿಸಿದ್ದ, ರಂಗಮಂದಿರದ ಕಾವಲಿಗಿದ್ದ ಪೊಲೀಸಿನವನು ಕಳ್ಳಬಾಗಿಲಿನಿಂದ ಮೇಲೆ ಬರುತ್ತಿದ್ದ, ಕೈಯಲ್ಲಿ ಚೀಲ. ಇವನು ರಾಜಠೀವಿಯಿಂದ ಎದೆ ಸೆಟೆದು, ಯಾವ ಚೀಲ, ಯಾರದು ಎಂದು ಕೇಳಲು ಬಾಯಿ ತೆರೆದ. ಅಕ್ಕ ಡಬ್ಬಿಯನ್ನು ಅವನ ಎದೆಗೆ ಎಸೆದಳು, ತಳದಲ್ಲಿ ಉಳಿದಿದ್ದ ಪುಡಿ ಎದ್ದಿತು, ಅವನು ಸೀನಿದ. ಅಭ್ಯಾಸಬಲ ನೋಡಿ, ಅಕ್ಕ ಹೋ ಎಂದು ಅತ್ತಳು, ಪಕ್ಕದಲ್ಲಿ ಡೋಲಿಗೆ ಏಟು ಬಿತ್ತು, ದೀಪಗಳೆಲ್ಲ ಒಟ್ಟಿಗೇ ಹೊತ್ತಿಕೊಂಡವು, ಮತ್ತು ಪೊಲೀಸಿನವನು ಆಗಷ್ಟೇ ಚೀಲದಿಂದ ಹೊರತೆಗೆದಿದ್ದ ಕಿರೀಟ ಫಳಫಳ ಹೊಳೆಯಿತು.